ಕುರ್‌ಆನ್ ಸಂಕಲನದ ಪ್ರಬಂಧ ಮುಂದೆ ಸಾಗುತ್ತಿಲ್ಲ, ಓದುವ ಆಸೆ ಮಾತ್ರ ಬೆಳೆಯುತ್ತಿದೆ

ಕೊನೆಬೆಂಚು ಕೇಳಿದ್ದು:

ಇತಿಹಾಸ ಪದವಿಯಲ್ಲಿ ಧರ್ಮಗಳ ಇತಿಹಾಸದ ಪತ್ರಿಕೆಗೆ 3,000 ಪದಗಳ ಪ್ರಬಂಧ ಬರೆಯಬೇಕು. ವಿಷಯ: ಕುರ್‌ಆನ್ ಗ್ರಂಥರೂಪಕ್ಕೆ ಬಂದ ಬಗೆ. ಮೊದಲ ಕರಡು ವಾಪಸ್ ಬಂದಿದೆ. ಅಂಚಿನಲ್ಲಿ ಬರೆದಿರುವುದು ಇಷ್ಟೇ: "ಮೂಲ ಯಾವುದು?", "ಇಸವಿ ತಾಳೆಯಾಗುತ್ತಿಲ್ಲ", "ಇದು ನಂಬಿಕೆಯೋ ಪುರಾವೆಯೋ?" ಹೇಗೆ ತಿದ್ದಬೇಕು ಎಂಬುದರ ಬಗ್ಗೆ ಒಂದು ಮಾತೂ ಇಲ್ಲ. ವಚನ ಸಂಖ್ಯೆಗಳು ಒಂದು ಪುಸ್ತಕದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ನಿಜಕ್ಕೂ ಬೇಸತ್ತಿದ್ದೇನೆ.

ಆದರೆ ಪ್ರಬಂಧಕ್ಕೆಂದು ತೆರೆದ ಕುರ್‌ಆನ್ ಅನುವಾದವನ್ನು ಈಗ ಅದಕ್ಕಾಗಿಯೇ ಓದುತ್ತಿದ್ದೇನೆ. ನಾನು ಮುಸ್ಲಿಂ ಅಲ್ಲ. ನಂಬುವವರು ಇದನ್ನು ಹೇಗೆ ಓದುತ್ತಾರೆ ಎಂದು ತಿಳಿಯುವ ಆಸೆ. ಎರಡನೇ ಸೂರಾದ (ಅಧ್ಯಾಯದ) ನಡುವೆ ಸಿಕ್ಕಿಕೊಂಡಿದ್ದೇನೆ. ಎಲ್ಲಿಂದ ಓದಬೇಕು? ಮಸೀದಿಗೆ ಹೋಗಿ ಕೇಳಬಹುದೇ?

ಹಳೆಹೊತ್ತಗೆ:

ಮೊದಲ ಮತ್ತು ಮೂರನೇ ಟಿಪ್ಪಣಿಗಳ ಬೇರು ಒಂದೇ. ಯಾರು, ಯಾವಾಗ ಹೇಳಿದ ಮಾತು ಎಂಬುದು ನಿಮ್ಮ ವಾಕ್ಯಗಳಲ್ಲಿ ಬಿಟ್ಟುಹೋಗಿರುತ್ತದೆ. "ಯಮಾಮಾ ಯುದ್ಧದಲ್ಲಿ ಕುರ್‌ಆನ್ ಕಂಠಸ್ಥ ಮಾಡಿದ್ದ ಅನೇಕರು ಮಡಿದರು, ಹಾಗಾಗಿ ಖಲೀಫ ಅಬೂಬಕರ್ ಅದನ್ನು ಒಂದೆಡೆ ಸೇರಿಸಲು ಝೈದ್ ಇಬ್ನ್ ಸಾಬಿತರಿಗೆ ಹೇಳಿದರು" ಎಂದು ನೇರವಾಗಿ ಬರೆದಿದ್ದರೆ ಅಲ್ಲೇ ಅಂಕ ಹೋಗಿದೆ. ಈ ವಿವರದ ಹೆಸರಾಂತ ಮೂಲ ಬುಖಾರಿಯವರ ಹದೀಸ್ ಸಂಗ್ರಹ, ಅಂದರೆ ಪ್ರವಾದಿ ಮತ್ತು ಅವರ ಒಡನಾಡಿಗಳ ಕುರಿತ ವರದಿಗಳ ಸಂಗ್ರಹ. ಅವರು ತೀರಿಕೊಂಡದ್ದು 870ರಲ್ಲಿ, ಪ್ರವಾದಿ ಮುಹಮ್ಮದರು ತೀರಿಕೊಂಡದ್ದು 632ರಲ್ಲಿ. ನಡುವೆ ಎರಡು ಶತಮಾನಕ್ಕೂ ಹೆಚ್ಚು ಅಂತರವಿದೆ. "ಬುಖಾರಿಯವರು ಝೈದರ ಮಾತೆಂದು ದಾಖಲಿಸಿರುವ ವರದಿಯ ಪ್ರಕಾರ" ಎಂದು ಶುರು ಮಾಡಿ. ವಾಕ್ಯ ಒಮ್ಮೆಗೇ ಗಟ್ಟಿಯಾಗುತ್ತದೆ.

ಹಾಗೆಂದು ತಡವಾಗಿ ಬರೆದದ್ದೆಲ್ಲ ಕಟ್ಟುಕತೆ ಎನ್ನುವ ಇನ್ನೊಂದು ತುದಿಗೂ ಹೋಗಬೇಡಿ. ಪ್ರತಿ ಹದೀಸ್‌ಗೂ ಎರಡು ಭಾಗ: ಯಾರಿಂದ ಯಾರು ಕೇಳಿದರೆಂಬ ಸರಪಳಿ 'ಇಸ್ನಾದ್', ಹೇಳಿದ ಮಾತು 'ಮತ್ನ್'. ಒಂದೇ ವರದಿಯ ಬೇರೆ ಬೇರೆ ಸರಪಳಿಗಳನ್ನು ಪಕ್ಕಪಕ್ಕ ಇಟ್ಟರೆ ಅವು ಎಲ್ಲಿ ಕೂಡುತ್ತವೆ ಎಂದು ಕಾಣುತ್ತದೆ. ಹರಾಲ್ಡ್ ಮೊಟ್ಸ್ಕಿ ಎಂಬ ವಿದ್ವಾಂಸರು ಈ ವರದಿಗೆ ಹಾಗೆಯೇ ಮಾಡಿ, 742ರಲ್ಲಿ ತೀರಿಕೊಂಡ ಹದೀಸ್ ವಿದ್ವಾಂಸ ಅಲ್-ಝುಹ್ರಿಯವರ ಕಾಲದಲ್ಲೇ ಅದು ಚಲಾವಣೆಯಲ್ಲಿತ್ತು ಎಂದು ವಾದಿಸಿದರು. ನಿಮ್ಮ ಪ್ರಬಂಧಕ್ಕೆ ಜೀವ ಬರುವುದು ಈ ಜಾಗದಲ್ಲಿ. ಇದಕ್ಕೆ ಧಾರಾಳವಾಗಿ ಜಾಗ ಕೊಡಿ.

ಆಮೇಲೆ ಹಸ್ತಪ್ರತಿಗಳು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿರುವ ಎರಡು ಚರ್ಮದ ಹಾಳೆಗಳ ಇಂಗಾಲ ಪರೀಕ್ಷೆಯ ಫಲಿತಾಂಶ 2015ರಲ್ಲಿ ಹೊರಬಂತು: 568ರಿಂದ 645, ಶೇ. 95.4 ಸಂಭಾವ್ಯತೆ. ಅನೇಕರು ಎಡವುವುದು ಇಲ್ಲೇ. ಆ ಪರೀಕ್ಷೆ ಹೇಳುವುದು ಪ್ರಾಣಿ ಸತ್ತ ಕಾಲವನ್ನು, ಮಸಿ ತಾಗಿದ ಕಾಲವನ್ನಲ್ಲ. ಚರ್ಮ ಹದ ಮಾಡಿ ಎಷ್ಟು ಕಾಲದ ಮೇಲೆ ಬರೆದರು ಎನ್ನುವುದನ್ನು ಲಿಪಿಯ ಶೈಲಿಯಿಂದ ಬೇರೆಯಾಗಿಯೇ ವಾದಿಸಬೇಕು. ಯೆಮೆನ್‌ನ ಸನಾದ ಮಹಾ ಮಸೀದಿಯಲ್ಲಿ 1972ರಲ್ಲಿ ಸಿಕ್ಕ ಹಾಳೆಗಳನ್ನೂ ಬಿಡಬೇಡಿ. ಅವುಗಳಲ್ಲಿ ಕೆಲವದರಲ್ಲಿ ಮೊದಲ ಬರಹವನ್ನು ಅಳಿಸಿ ಮೇಲೆ ಮತ್ತೆ ಕುರ್‌ಆನನ್ನೇ ಬರೆದಿದೆ. ಕೆಳಪದರದಲ್ಲಿ ಪದಗಳ ವ್ಯತ್ಯಾಸವಿದೆ, ಸೂರಾಗಳ ಕ್ರಮವೂ ಬೇರೆ. ಸುಮಾರು 650ರಲ್ಲಿ ಖಲೀಫ ಉಸ್ಮಾನ್ ಒಂದೇ ಪಾಠವನ್ನು ನಗರಗಳಿಗೆ ಕಳಿಸಿ ಉಳಿದವನ್ನು ಸುಡಿಸಿದರು ಎಂಬ ವರದಿಯನ್ನು ಇದರ ಪಕ್ಕದಲ್ಲಿಟ್ಟು ಚರ್ಚಿಸಬಹುದು.

ಪದಗಳ ಹಂಚಿಕೆ ಹೀಗಿರಲಿ: ಪೀಠಿಕೆಗೆ 300, ವರದಿಗಳಿಗೆ 900, ಹಸ್ತಪ್ರತಿಗಳಿಗೆ 900, ಪಠಣ ಪಾಠಾಂತರಗಳಿಗೆ (ಒಂದೇ ಬರಹವನ್ನು ಬೇರೆ ಬೇರೆಯಾಗಿ ಓದುವ ಬಗೆಗಳಿಗೆ) 500, ನಿಮ್ಮ ತೀರ್ಮಾನಕ್ಕೆ 400. ಪಾಠಾಂತರ ಯಾಕೆ ಎಂದರೆ, ಆರಂಭದ ಅರಬಿ ಬರಹದಲ್ಲಿ ಚುಕ್ಕೆ ಬಹಳ ಕಡಿಮೆ. ಪದದ ನಡುವಿನ ಒಂದೇ ಗೆರೆ ಬ, ತ, ನ, ಯ ಯಾವುದಾದರೂ ಆಗಬಹುದು. 936ರಲ್ಲಿ ತೀರಿಕೊಂಡ ಪಠಣ ವಿದ್ವಾಂಸ ಇಬ್ನ್ ಮುಜಾಹಿದ್ ಏಳು ಪಠಣಗಳನ್ನು ಆರಿಸಿ ಕ್ರೋಡೀಕರಿಸಿದರು.

ಪಂಚಾಂಗ:

ಇಸವಿ ತಾಳೆಯಾಗದಿರಲು ಸಾಮಾನ್ಯ ಕಾರಣ ಹಿಜರಿಗೆ (622ರಿಂದ ಎಣಿಸುವ ಇಸ್ಲಾಮಿಕ್ ಪಂಚಾಂಗದ ವರ್ಷಕ್ಕೆ) ನೇರವಾಗಿ 622 ಕೂಡಿಸುವುದು. ಹಿಜರಿ ವರ್ಷ ಚಾಂದ್ರಮಾನ, ಸುಮಾರು 354 ದಿನ, ಅಧಿಕ ಮಾಸವೂ ಇಲ್ಲ. ಅದಕ್ಕೇ ಸೌರ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಹಿಜರಿಯನ್ನು 0.97ರಿಂದ ಗುಣಿಸಿ ಆಮೇಲೆ 622 ಕೂಡಿಸಿ. ಬುಖಾರಿಯವರು ತೀರಿಕೊಂಡ ಹಿಜರಿ 256ಕ್ಕೆ ಮಾಡಿ ನೋಡಿ: 248.3ಕ್ಕೆ 622 ಸೇರಿದರೆ 870. ನೇರವಾಗಿ ಕೂಡಿಸಿದ್ದರೆ 878 ಬರುತ್ತಿತ್ತು, ಎಂಟು ವರ್ಷ ತಪ್ಪು. ಹಿಜರಿ ವರ್ಷ ಎರಡು ಇಸವಿಗಳ ಮೇಲೆ ಚಾಚಿಕೊಳ್ಳುವುದರಿಂದ ಈ ಲೆಕ್ಕದಲ್ಲಿ ಒಂದು ವರ್ಷ ಆಚೀಚೆ ಆಗಬಹುದು. ತಿಂಗಳು ಗೊತ್ತಿದ್ದರೆ ಪರಿವರ್ತನಾ ಕೋಷ್ಟಕ ನೋಡಿ, 256/870 ಎಂದು ಎರಡನ್ನೂ ಬರೆಯಿರಿ.

ವಚನ ಸಂಖ್ಯೆಯ ಗೊಂದಲಕ್ಕೂ ಕಾರಣವಿದೆ. ಯುರೋಪಿನ ಹಳೆಯ ಅನುವಾದ, ಸಂಶೋಧನೆಗಳಲ್ಲಿ ಅನೇಕವು 1834ರ ಫ್ಲ್ಯೂಗೆಲ್ ಆವೃತ್ತಿಯ ಸಂಖ್ಯೆ ಬಳಸುತ್ತವೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು 1924ರ ಕೈರೋ ಆವೃತ್ತಿಯದು, ಒಟ್ಟು 6,236 ವಚನ. ಕೈರೋ ಸಂಖ್ಯೆಯನ್ನೇ ಬಳಸುತ್ತೇನೆಂದು ಮೊದಲ ಅಡಿಟಿಪ್ಪಣಿಯಲ್ಲೇ ಹೇಳಿಬಿಡಿ. ಹದೀಸ್‌ಗಳ ಕ್ರಮಸಂಖ್ಯೆ ಮುದ್ರಣದಿಂದ ಮುದ್ರಣಕ್ಕೆ ಬದಲಾಗುತ್ತದೆ, ಆದ್ದರಿಂದ ಪ್ರಕರಣದ ಹೆಸರನ್ನೂ ಕೊಡಿ.

ನಸುಕು:

ಕುತೂಹಲದ ಓದಿಗೆ ಪ್ರಬಂಧದ ಟಿಪ್ಪಣಿ ಪುಸ್ತಕ ಬಳಸಬೇಡಿ. ಬೇರೆಯದೇ ಒಂದು ಇಡಿ. "ಇದು ಯಾವಾಗ ಬರೆದದ್ದು" ಎಂಬ ಪ್ರಶ್ನೆಗೂ "ಇದು ನನಗೆ ಏನು ಹೇಳುತ್ತಿದೆ" ಎಂಬ ಪ್ರಶ್ನೆಗೂ ಉತ್ತರ ಹುಡುಕುವ ದಾರಿ ಬೇರೆ. ಒಂದೇ ಹಾಳೆಯಲ್ಲಿ ಬೆರೆತರೆ ಎರಡೂ ಕೆಡುತ್ತವೆ.

ಎರಡನೇ ಸೂರಾದಲ್ಲಿ ನಿಲ್ಲುವವರು ತುಂಬಾ ಜನ. 114 ಸೂರಾಗಳು ಕಾಲಕ್ರಮದಲ್ಲಿಲ್ಲ, ಸ್ಥೂಲವಾಗಿ ಉದ್ದದ್ದು ಮೊದಲು, ಗಿಡ್ಡದ್ದು ಕೊನೆಗೆ. ಎರಡನೆಯದರಲ್ಲಿ 286 ವಚನಗಳಿವೆ. ಮದೀನಾದ ಸಮುದಾಯಕ್ಕೆ ಹೇಳಿದ ಉಪವಾಸ, ವಿಚ್ಛೇದನ, ಸಾಲಪತ್ರದ ನಿಯಮಗಳು ಅಲ್ಲಿ ದಟ್ಟವಾಗಿವೆ. ಇಡೀ ಗ್ರಂಥದ ಅತಿ ಉದ್ದದ ವಚನ 2:282 ಸಾಲ ಬರೆದಿಡುವುದರ ಬಗ್ಗೆಯೇ ಇದೆ. ಏಳು ವಚನಗಳ ಮೊದಲ ಸೂರಾ ಓದಿ, ಅಲ್ಲಿಂದ 93, 96, 99, 112ಕ್ಕೆ ಹೋಗಿ. ಇವು ಗಿಡ್ಡವು, ಉಸಿರು ಬೇರೆ. ನಂತರ 12ನೆಯದು, ಯೂಸುಫರ ಕಥೆ. 111 ವಚನಗಳಲ್ಲಿ ಬಹುಮಟ್ಟಿಗೆ ಒಂದೇ ಕಥೆ ಎಳೆಎಳೆಯಾಗಿ ಸಾಗುತ್ತದೆ. 19 ಮತ್ತು 55 ಓದಿಕೊಂಡು ಎರಡಕ್ಕೆ ಮರಳಿ. 55ನ್ನು ಓದುವ ಮೊದಲು ಪಠಣ ಕೇಳಿ. ಅದರಲ್ಲಿ ಒಂದೇ ಪಲ್ಲವಿ 31 ಸಲ ಬರುತ್ತದೆ. ಕಾಗದದ ಮೇಲೆ ಪುನರುಕ್ತಿ ಅನ್ನಿಸುವುದು ಕಿವಿಯಲ್ಲಿ ಹಾಗಿರುವುದಿಲ್ಲ.

ಎರಡು ಅನುವಾದ ಪಕ್ಕದಲ್ಲಿರಲಿ. ಆವರಣದೊಳಗಿನ ಪದಗಳು ಸಾಮಾನ್ಯವಾಗಿ ಅನುವಾದಕರ ಸೇರ್ಪಡೆ, ಮೂಲದವಲ್ಲ. ಬಿಡಿ ವಚನ ಹೆಕ್ಕಿ ನೋಡಬೇಡಿ. 107:4 "ನಮಾಜ್ ಮಾಡುವವರಿಗೆ ಕೇಡು" ಎನ್ನುತ್ತದೆ. ಮುಂದಿನ ವಚನ ಸೇರಿದಾಗಷ್ಟೇ ಅದು ತಮ್ಮ ನಮಾಜಿನ ಬಗ್ಗೆ ಉದಾಸೀನರಾದವರ ಕುರಿತದ್ದು ಎಂದು ತಿಳಿಯುತ್ತದೆ.

ಮಸೀದಿಗೆ ಖಂಡಿತ ಹೋಗಬಹುದು. ಮೊದಲೇ ವಿಚಾರಿಸಿ, ಶುಕ್ರವಾರ ಮಧ್ಯಾಹ್ನ ಬಿಟ್ಟು ಬೇರೆ ಹೊತ್ತು ಕೇಳಿ. ಜುಮಾ (ಶುಕ್ರವಾರದ ಸಾಮೂಹಿಕ ನಮಾಜ್) ದಿನ ಇಮಾಮರಿಗೆ ಮಾತಿಗೆ ಬಿಡುವಿರುವುದಿಲ್ಲ. ಮೈ ಮುಚ್ಚುವ ಬಟ್ಟೆ ಇರಲಿ, ಚಪ್ಪಲಿ ಹೊರಗೆ ಬಿಡಿ, ನಮಾಜ್ ಮಾಡುತ್ತಿರುವವರ ಮುಂದೆ ಹಾಯಬೇಡಿ. ಹಿಂದೆ ಕೂತು ನೋಡುವವರಿಗೆ ವುಝೂ (ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವುದು) ಬೇಕಿಲ್ಲ. ಗಮನಿಸಬೇಕಾದದ್ದು ಒಂದಿದೆ: ದಿನದ ಐದು ಕಡ್ಡಾಯ ನಮಾಜ್‌ಗಳ ರಕಾತ್‌ಗಳು (ನಿಲ್ಲುವುದು, ಬಾಗುವುದು, ಸಾಷ್ಟಾಂಗ ಸೇರಿದ ಒಂದೊಂದು ಸುತ್ತು) 2, 4, 4, 3, 4, ಒಟ್ಟು 17. ಪ್ರತಿ ರಕಾತ್‌ನಲ್ಲೂ ಮೊದಲ ಸೂರಾ ಇರುತ್ತದೆ. ನಂಬುವವರು ಇದನ್ನು ಹೇಗೆ ಓದುತ್ತಾರೆ ಎಂದಿರಲ್ಲ, ಬಹುಪಾಲು ಹೀಗೆ ನಿಂತುಕೊಂಡು, ಬಾಯಿಪಾಠದಿಂದ.

ಕೊನೆಬೆಂಚು:

ತುಂಬಾ ಉಪಕಾರವಾಯಿತು. ಇನ್ನೊಂದೇ ಪ್ರಶ್ನೆ. ಮಸೀದಿಯಲ್ಲಿ ವಿಚಾರಿಸಿದರೆ ಮತ ಸ್ವೀಕರಿಸಲು ಬಂದಿದ್ದೇನೆ ಅಂದುಕೊಳ್ಳುವುದಿಲ್ಲವೇ? ಇಮಾಮರ ಮಾತನ್ನು ಪ್ರಬಂಧದಲ್ಲಿ ಹಾಕಬಹುದೇ?

ನಸುಕು:

ಅಂದುಕೊಂಡರೂ ತೊಂದರೆಯಿಲ್ಲ. "ಓದುತ್ತಿದ್ದೇನೆ, ಪ್ರಶ್ನೆಗಳಿವೆ, ಇನ್ನೇನೂ ತೀರ್ಮಾನಿಸಿಲ್ಲ" ಎಂದು ಮೊದಲ ಮಾತಿಗೇ ಹೇಳಿ. ಯಾರಾದರೂ ಅವಸರ ಮಾಡಿದರೆ 2:256 ನೆನಪಿಸಿ, ಧರ್ಮದಲ್ಲಿ ಬಲವಂತವಿಲ್ಲ ಎಂಬ ವಚನ ಅದು. ಬೇಡ ಎನ್ನಲು ಸಂಕೋಚ ಬೇಡ.

ಹಳೆಹೊತ್ತಗೆ:

ಏಳನೇ ಶತಮಾನದಲ್ಲಿ ಏನಾಯಿತು ಎನ್ನುವುದಕ್ಕೆ ಇಮಾಮರ ಮಾತು ಪುರಾವೆಯಾಗದು. ಇಂದಿನ ಸಮುದಾಯ ಸಂಕಲನವನ್ನು ಹೇಗೆ ಅರ್ಥ ಮಾಡಿಕೊಂಡಿದೆ ಎನ್ನುವುದಕ್ಕೆ, ಅವರ ಒಪ್ಪಿಗೆ ಪಡೆದು ಬಳಸಬಹುದು. ಮತ್ತೆ, ಇಡೀ ಕರಡನ್ನು ತಿದ್ದುವ ಮೊದಲು ಯಮಾಮಾ ಪ್ಯಾರಾ ಒಂದನ್ನೇ ಹೊಸದಾಗಿ ಬರೆದು, ಹಳೆಯದರ ಜೊತೆಗೆ ಅಧ್ಯಾಪಕರಿಗೆ ತೋರಿಸಿ. "ಉಳಿದದ್ದನ್ನೂ ಇದೇ ರೀತಿ ತಿದ್ದಲೇ?" ಎಂದು ಕೇಳಿ. ಇಡೀ ಕರಡು ಕೈಗಿಟ್ಟರೆ ಮತ್ತೆ ಅಂಚಿನ ಟಿಪ್ಪಣಿಯಷ್ಟೇ ಬರುತ್ತದೆ, ಒಂದು ಪ್ಯಾರಾಕ್ಕಾದರೆ ಹೌದು ಅಥವಾ ಇಲ್ಲ ಎಂದು ಹೇಳಲೇಬೇಕಾಗುತ್ತದೆ.