ಪದಚರ್ಚೆ: ವಜ್ರದ ‘ಕ್ಲಾರಿಟಿ’ಗೆ ಕನ್ನಡವೇನು? ನಾಳೆ ಅಚ್ಚಿಗೆ ಹೋಗಬೇಕು

ಡೊಂಬಿವಲಿಯಿಂದ:
ಮಾನ್ಯರೇ, ಮುಂಬಯಿಯ ಝವೇರಿ ಬಜಾರಿನ ಅಂಗಡಿಯೊಂದರ ಕನ್ನಡ ಗಿರಾಕಿಗಳಿಗಾಗಿ ಕೈಪಿಡಿ ಅನುವಾದಿಸುತ್ತಿದ್ದೇನೆ. ವಜ್ರದ ಜೊತೆ ಬರುವ ಜಿಐಎ (ಅಮೆರಿಕದ ರತ್ನಪರೀಕ್ಷಾ ಸಂಸ್ಥೆ) ಸರ್ಟಿಫಿಕೇಟಿನಲ್ಲಿ ‘ಕ್ಲಾರಿಟಿ: ವಿಎಸ್2’ ಎಂದಿರುತ್ತದೆ. ಹತ್ತು ಪಟ್ಟು ಹಿಗ್ಗಿಸಿ ನೋಡಿದಾಗ ಹರಳಿನೊಳಗೆ ಕಾಣುವ ಚುಕ್ಕೆ, ಮಸುಕು, ‘ಫೆದರ್’ ಎನ್ನುವ ಬಿರುಕು ಇವುಗಳ ಮೇಲೆ ಕೊಡುವ ದರ್ಜೆ ಅದು. ‘ಸ್ಪಷ್ಟತೆ’ ಎಂದು ಬರೆದರೆ ಭಾಷಣದ ವಿಮರ್ಶೆಯಂತೆ ಕೇಳಿಸುತ್ತದೆ. ಒಳಗಿನ ಆ ‘ಇನ್‌ಕ್ಲೂಷನ್’ಗೂ ಪದ ಬೇಕು.

ಮಾಟುಂಗದಿಂದ:
ಈ ಪರೀಕ್ಷೆ ಅಮೆರಿಕದವರು ಕಲಿಸಿದ್ದಲ್ಲ. ರತ್ನಶಾಸ್ತ್ರದ ಸಂಸ್ಕೃತ ಗ್ರಂಥಗಳಲ್ಲಿ ವಜ್ರಕ್ಕೆ ಮಲ, ಬಿಂದು, ಯವ, ರೇಖೆ, ಕಾಕಪದ ಎಂಬ ಐದು ದೋಷಗಳಿವೆ. ಚುಕ್ಕೆ ಬಿಂದು, ಕಾಗೆಕಾಲಿನಂತೆ ಕವಲೊಡೆದ ಬಿರುಕು ಕಾಕಪದ. ಇನ್‌ಕ್ಲೂಷನ್ ‘ದೋಷ’, ಕ್ಲಾರಿಟಿ ‘ನಿರ್ದೋಷತೆ’. ಚರ್ಚೆ ಮುಗಿಯಿತು.

ಪುಣೆಯಿಂದ:
ಮುಗಿದಿಲ್ಲ ರಾಯರೇ. ‘ನಿರ್ದೋಷತೆ: ವಿಎಸ್2’ ಎಂದು ಅಚ್ಚು ಹಾಕಿಸುತ್ತೀರಾ? ಒಳಗೆ ಏನೋ ಇರುವುದರಿಂದಲೇ ಅದಕ್ಕೆ ಆ ದರ್ಜೆ. ಹತ್ತು ಪಟ್ಟು ಹಿಗ್ಗಿಸಿದರೂ ಒಳಗೆ ಏನೂ ಕಾಣದಿದ್ದರೆ ಎಫ್‌ಎಲ್ ಅಥವಾ ಐಎಫ್ ಎಂಬ ದರ್ಜೆ. ಮೇಲಾಗಿ, ವಜ್ರದಲ್ಲಿ ‘ದೋಷ’ ಎಂದು ಓದಿದ ಅತ್ತೆ ನೇರವಾಗಿ ಜ್ಯೋತಿಷಿಯ ಮನೆಗೆ ಹೋಗುತ್ತಾರೆ. ಒಳ, ಕಲೆ ಸೇರಿಸಿ: ‘ಒಳಗಲೆ’. ಆದೇಶಸಂಧಿ, ಶುದ್ಧ ಕನ್ನಡ. ಕ್ಲಾರಿಟಿಗೆ ‘ತಿಳಿಮಟ್ಟ’.
‘ಸರ್ಟಿಫಿಕೇಟ್’ ಎಂಬುದನ್ನೂ ಬಿಡಿ. ಜಿಐಎಯೇ ಅದನ್ನು ರಿಪೋರ್ಟ್ ಎನ್ನುತ್ತದೆ. ಬೆಲೆಯ ಮಾತೇ ಅದರಲ್ಲಿಲ್ಲ. ‘ಪ್ರಮಾಣಪತ್ರ’ ಎಂದರೆ ಕೊಟ್ಟ ಹಣಕ್ಕೆ ಯಾರೋ ಜಾಮೀನು ನಿಂತಂತೆ ಗಿರಾಕಿ ನಂಬುತ್ತಾನೆ. ‘ಪರೀಕ್ಷಾ ವರದಿ’ ಸಾಕು.

ಮಾಟುಂಗದಿಂದ:
‘ತಿಳಿ’ ಊಟದ ಸಾರಿಗಿರಲಿ. ಅಚ್ಚಗನ್ನಡದ ವ್ರತ ಹಿಡಿದವರು ‘ಪರೀಕ್ಷಾ’ ಎಂಬುದನ್ನು ಯಾವ ಬಾಯಲ್ಲಿ ಹೇಳುತ್ತಾರೆ? ಮೊದಲು ‘ವಜ್ರ’ವನ್ನು ಕನ್ನಡಿಸಲಿ.

ಪುಣೆಯಿಂದ:
ವಜ್ರದ ತೂಕದ ಅಳತೆ ‘ಕ್ಯಾರೆಟ್’ ಗ್ರೀಕರ ಒಂದು ಮರದ ಬೀಜದಿಂದ ಹೊರಟು ಅರಬ್ಬಿಯನ್ನು ಹಾದು ಬಂತು. ಅದನ್ನು ಗುಲಗಂಜಿ ಎನ್ನುತ್ತೀರಾ? ಕ್ಯಾರೆಟ್ ಸರಿಯಾಗಿ 200 ಮಿಲಿಗ್ರಾಂ, ಗುಲಗಂಜಿ ಅದಕ್ಕಿಂತ ಬಹಳ ಹಗುರ. ಎರವಲು ಬೇಕಾದಲ್ಲಿ ತರಬೇಕು, ಸಂಸ್ಕೃತವೆಂದ ಮಾತ್ರಕ್ಕಲ್ಲ.

ಡೊಂಬಿವಲಿಯಿಂದ:
ಕ್ಯಾರೆಟ್ಟನ್ನು ನಾನು ಕೇಳಿರಲಿಲ್ಲ. ‘ಒಳಗಲೆ’, ‘ಪರೀಕ್ಷಾ ವರದಿ’ ತೆಗೆದುಕೊಂಡೆ. ಕ್ಲಾರಿಟಿ ಹಾಗೆಯೇ ಇರಲಿ. ಗಿರಾಕಿ ವರದಿಯಲ್ಲಿ ಹುಡುಕುವುದು ಆ ಪದವನ್ನೇ. ಇನ್ನೊಂದು ಸಾಲು ಉಳಿದಿದೆ: ಹರಳಿನ ಸೊಂಟದ ಸುತ್ತ ‘ಗರ್ಡಲ್’ ಎಂಬ ಅಂಚಿನಲ್ಲಿ ಲೇಸರಿನಿಂದ ಸಂಖ್ಯೆ ಕೆತ್ತಿದ್ದರೆ, ವರದಿಯ ಸಂಖ್ಯೆಯೊಂದಿಗೆ ತಾಳೆ ನೋಡಿ ಎಂದು. ಆ ಅಂಚನ್ನು ‘ಒಡ್ಯಾಣ’ ಎನ್ನಬಹುದೇ?

ಮಾಟುಂಗದಿಂದ:
ಮೇಖಲೆ.