ಫ್ಲ್ಯಾಶ್ ಮಾರಬೇಕಾ, ಬೇಡವಾ? ನಮ್ಮ ಮನೆ ಗುಂಪಿನ ಚರ್ಚೆ

ತಮ್ಮ: (ಫಾರ್ವರ್ಡ್ ಮಾಡಿದ ವಿಡಿಯೋ: 'ಫ್ಲ್ಯಾಶ್ ಕಾಲ ಮುಗಿಯಿತು, ಇನ್ನೇನಿದ್ದರೂ ಎಲ್‌ಇಡಿ')
ಎಲ್ಲರೂ ಒಮ್ಮೆ ನೋಡಿ. ನಾನಂತೂ ನಿರ್ಧಾರ ಮಾಡಿಬಿಟ್ಟಿದ್ದೇನೆ. ಕ್ಯಾಮೆರಾ ಫ್ಲ್ಯಾಶ್ ಮಾರಿ 100 ವ್ಯಾಟ್‌ನ ಎಲ್‌ಇಡಿ ಲೈಟ್ ತಗೊಳ್ಳುತ್ತೇನೆ. ಫೋಟೋಗೂ ಅದೇ, ವಿಡಿಯೋಗೂ ಅದೇ.

ಚಿಕ್ಕಪ್ಪ: ನೋಡಿದೆ. ಎಲ್‌ಇಡಿ ತಗೋ, ಬೇಡ ಅನ್ನುವುದಿಲ್ಲ. ಫ್ಲ್ಯಾಶ್ ಮಾತ್ರ ಮಾರಬೇಡ ಕಣೋ.

ಅತ್ತಿಗೆ: ನನಗೆ ವಿಡಿಯೋದಲ್ಲಿ ಹೇಳಿದ್ದು ಸರಿ ಅನಿಸಿತು ಚಿಕ್ಕಪ್ಪ. ನಾನು ಪಾಠದ ವಿಡಿಯೋ ಮಾಡುವುದು ಎಲ್‌ಇಡಿ ಬೆಳಕಿನಲ್ಲೇ. ಲೈಟನ್ನು ಒಂದು ಗೇಣು ಆಚೆ ಸರಿಸಿದರೆ ಮೂಗಿನ ನೆರಳು ಎಲ್ಲಿಗೆ ಹೋಯಿತು ಅಂತ ಅಲ್ಲೇ ಕಾಣುತ್ತದೆ. ಫ್ಲ್ಯಾಶ್ ಆದರೆ ಹೊಡೆದು ನೋಡಬೇಕು, ಸರಿಸಬೇಕು, ಮತ್ತೆ ಹೊಡೆದು ನೋಡಬೇಕು.

ತಮ್ಮ: ನೋಡಿ, ಅದನ್ನೇ ನಾನೂ ಹೇಳುತ್ತಿರುವುದು!

ನಾನು: ಅತ್ತಿಗೆ ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಬೆಳಕಿನ ಬಗ್ಗೆ ಕಲಿಯಬೇಕು ಅಂದರೆ ಸದಾ ಉರಿಯುವ ಲೈಟೇ ಒಳ್ಳೆಯದು. ಆದರೆ ಆ ವಿಡಿಯೋದ ನಡುವೆ '100 ವ್ಯಾಟ್ ಎಲ್‌ಇಡಿ ಇದ್ದರೆ ಫ್ಲ್ಯಾಶ್‌ಗೆ ಸಮ' ಅನ್ನುತ್ತಾರಲ್ಲ, ಅದು ತಪ್ಪು. ಸಣ್ಣ ತಪ್ಪೂ ಅಲ್ಲ. ಅದನ್ನು ನಂಬಿ ನೀನು ಫ್ಲ್ಯಾಶ್ ಮಾರುವುದು ನನಗೆ ಇಷ್ಟವಿಲ್ಲ.

ತಮ್ಮ: ಹೇಗೆ ತಪ್ಪು ಅಕ್ಕಾ? 100 ವ್ಯಾಟ್ ಎಲ್‌ಇಡಿ ಎದುರು ನಿಂತು ನೋಡಿದ್ದೀಯಾ? ಕಣ್ಣು ಬಿಡೋಕೆ ಆಗುವುದಿಲ್ಲ.

ನಾನು: ಕಣ್ಣು ಕೋರೈಸುವುದು ಬೇರೆ, ಕ್ಯಾಮೆರಾಗೆ ಸಿಗುವುದು ಬೇರೆ. ಶಟರ್ 1/125 ಸೆಕೆಂಡಿಗೆ ಇಟ್ಟಿದ್ದೀಯ ಅಂದುಕೋ. ಅಷ್ಟು ಹೊತ್ತಿನಲ್ಲಿ 100 ವ್ಯಾಟ್ ಲೈಟ್ ಖರ್ಚು ಮಾಡುವ ಶಕ್ತಿ 0.8 ಜೂಲ್, ಅಷ್ಟೇ. ಶಟರ್ ಮುಚ್ಚಿದ ಮೇಲೆ ಅದು ಎಷ್ಟು ಉರಿದರೂ ಆ ಫೋಟೋಗೆ ಲೆಕ್ಕಕ್ಕಿಲ್ಲ. ಕ್ಯಾಮೆರಾ ಮೇಲೆ ಕೂರುವ ದೊಡ್ಡ ಫ್ಲ್ಯಾಶ್ ಫುಲ್ ಪವರ್‌ನಲ್ಲಿ ಒಂದೇ ಏಟಿಗೆ ಸುರಿಯುವುದು ಸುಮಾರು 60ರಿಂದ 70 ಜೂಲ್. ಅಷ್ಟೂ ಶಟರ್ ತೆರೆದಿರುವಾಗಲೇ ಬಂದು ಹೋಗುತ್ತದೆ. ಅಷ್ಟೇ ಕರೆಂಟಿಗೆ ಎಲ್‌ಇಡಿ ಜಾಸ್ತಿ ಬೆಳಕು ಕೊಡುತ್ತದೆ, ನಿಜ. ಮೂರು ಪಟ್ಟು ಅಂತಲೇ ಇಟ್ಟುಕೊಳ್ಳೋಣ. ಆಗಲೂ ಫ್ಲ್ಯಾಶ್ 25 ಪಟ್ಟಿಗಿಂತ ಮುಂದೆ. ಹತ್ತಿರಹತ್ತಿರ 5 ಸ್ಟಾಪ್ ವ್ಯತ್ಯಾಸ. (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು.)

ಚಿಕ್ಕಪ್ಪ: 5 ಸ್ಟಾಪ್ ಅಂದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 100ರಲ್ಲಿ ಆಗುವ ಕೆಲಸಕ್ಕೆ 3200 ಬೇಕು.

ತಮ್ಮ: ಈಗಿನ ಕ್ಯಾಮೆರಾಗಳಿಗೆ 3200 ಏನೂ ಅಲ್ಲ ಚಿಕ್ಕಪ್ಪ. ಅದೂ ಅಲ್ಲದೆ ಮನೆಯೊಳಗೆ ಕೂತವರ ಫೋಟೋಗೆ ಫುಲ್ ಪವರ್ ಯಾರು ಹಾಕುತ್ತಾರೆ? ನೀವೇ ಅದರ 1/16 ಪವರ್‌ನಲ್ಲಿ ತೆಗೆಯುತ್ತೀರಿ. ಅಲ್ಲಿಗೆ 4 ಸ್ಟಾಪ್ ಹೋಯಿತು.

ನಾನು: ಈ ಮಾತು ಸರಿ. ಕೂತವರಿಗೆ, ಹತ್ತಿರದಿಂದ, ಎಲ್‌ಇಡಿ ಸಾಕು. ಅದರಲ್ಲಿ ನನ್ನದೇನೂ ತಕರಾರಿಲ್ಲ.

ಚಿಕ್ಕಪ್ಪ: ಕೂತವರಿಗೆ ಸರಿ. ಪುಟ್ಟ ಎಲ್ಲಿ ಕೂರುತ್ತಾನೆ? ಸೋಫಾ ಮೇಲಿಂದ ಅವನು ಹಾರಿದ ಫೋಟೋ ಒಮ್ಮೆ ತೆರೆದು ನೋಡು. ನಾನೇ ತೆಗೆದದ್ದು. ಹಣೆ ಮೇಲೆ ಎದ್ದ ಕೂದಲು ಒಂದೊಂದೂ ಎಣಿಸಬಹುದು. ಬಿಚ್ಚಿದ ಶೂ ಲೇಸ್ ಗಾಳಿಯಲ್ಲಿ ಹಾಗೇ ನಿಂತಿದೆ. ಅದನ್ನು ಹಿಡಿದದ್ದು ಶಟರ್ ಅಲ್ಲ, ಫ್ಲ್ಯಾಶ್. ಪವರ್ 1/16ಕ್ಕೆ ಇಳಿಸಿದರೆ ಅದರ ಮಿಂಚು ಸೆಕೆಂಡಿನ ಸುಮಾರು ಹತ್ತು ಸಾವಿರದಲ್ಲಿ ಒಂದು ಭಾಗ ಮಾತ್ರ ಇರುತ್ತದೆ. ಕೋಣೆಯ ಬೆಳಕು ಕಡಿಮೆ ಇದ್ದರೆ ಉಳಿದದ್ದೇನೂ ಫೋಟೋಗೆ ಬರುವುದೇ ಇಲ್ಲ.

ತಮ್ಮ: ಎಲ್‌ಇಡಿಯಲ್ಲಿ ಶಟರ್ 1/1000ಕ್ಕೆ ಇಟ್ಟರಾಯಿತಲ್ಲ?

ನಾನು: ಇಡಬಹುದು. ಆಗ ನಿನಗೆ ಸಿಗುವುದು 0.8 ಜೂಲ್ ಅಲ್ಲ, 0.1. ಇನ್ನೂ 3 ಸ್ಟಾಪ್ ಕತ್ತಲೆ. ಶಟರ್ ವೇಗ ಮಾಡಿದಷ್ಟೂ ಎಲ್‌ಇಡಿ ಬಡವಾಗುತ್ತದೆ. ಫ್ಲ್ಯಾಶ್ ಹಾಗಲ್ಲ, ಸಿಂಕ್ ವೇಗದ (ಫ್ಲ್ಯಾಶ್ ಜೊತೆ ಮಾಮೂಲಾಗಿ ಬಳಸಬಹುದಾದ ಅತಿ ಹೆಚ್ಚಿನ ಶಟರ್ ವೇಗ) ತನಕ, ಅಂದರೆ ಸಾಮಾನ್ಯವಾಗಿ 1/200 ಅಥವಾ 1/250ರ ತನಕ, ಅದರ ಬೆಳಕು ಅಷ್ಟೇ ಇರುತ್ತದೆ.

ಅತ್ತಿಗೆ: ಸರಿ, ಹಾರುವ ಪುಟ್ಟನಿಗೆ ಫ್ಲ್ಯಾಶ್. ಆದರೆ ನಿನ್ನ ತಮ್ಮನಿಗೆ ಮುಂದೆ ಜಾಸ್ತಿ ಬೇಕಿರುವುದು ವಿಡಿಯೋ ಅಲ್ವಾ? ಅಜ್ಜಿ ಹಳೆಯ ಕತೆಗಳನ್ನು ಹೇಳುವುದನ್ನು ರೆಕಾರ್ಡ್ ಮಾಡುತ್ತೇನೆ ಅಂತಿದ್ದ. ಫ್ಲ್ಯಾಶ್‌ನಲ್ಲಿ ವಿಡಿಯೋ ಆಗುವುದಿಲ್ಲ.

ತಮ್ಮ: ಹೌದು, ಅದಕ್ಕೇ ಮೊದಲು. ನಾನು ನೋಡಿಟ್ಟಿರುವ ಲೈಟಿಗೆ ಸಿಆರ್‌ಐ, ಅಂದರೆ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವ ಅಂಕಿ, 95 ಇದೆ. ಬಣ್ಣದ ಚಿಂತೆ ಇಲ್ಲ.

ನಾನು: 95 ಒಳ್ಳೆಯದೇ, ಆದರೆ ಅಷ್ಟಕ್ಕೇ ಚಿಂತೆ ಬಿಡಬೇಡ. ಸಿಆರ್‌ಐ ಅಂತ ಡಬ್ಬಿ ಮೇಲೆ ಬರೆಯುವುದು 8 ತಿಳಿ ಬಣ್ಣಗಳ ಸರಾಸರಿ. ಕಡುಗೆಂಪು ಆ ಎಂಟರಲ್ಲಿ ಇಲ್ಲವೇ ಇಲ್ಲ, ಅದನ್ನು ಆರ್‌9 ಅಂತ ಬೇರೆ ಹೇಳುತ್ತಾರೆ. ಬಿಳಿ ಎಲ್‌ಇಡಿ ಒಳಗೆ ಇರುವುದು ಸಾಮಾನ್ಯವಾಗಿ ನೀಲಿ ಎಲ್‌ಇಡಿ. ಅದರ ಮೇಲೆ ಫಾಸ್ಫರ್ ಲೇಪ ಹಚ್ಚಿ ಬಿಳಿ ಮಾಡುತ್ತಾರೆ. (ಆ ನೀಲಿ ಎಲ್‌ಇಡಿಗೇ 2014ರಲ್ಲಿ ಅಕಾಸಾಕಿ, ಅಮಾನೊ, ನಾಕಾಮುರಾ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ನನಗೆ ಅದು ಈಗಲೂ ಖುಷಿ ಕೊಡುವ ಸಂಗತಿ.) ಲೇಪ ಅಗ್ಗದ್ದಾದರೆ ಮೊದಲು ಕೈಕೊಡುವುದು ಕೆಂಪು. ನಮ್ಮ ಚರ್ಮದ ಕೆಳಗೆ ಹರಿಯುವುದು ರಕ್ತ, ಕೆಂಪು ಬೆಳಕು ಕಡಿಮೆಯಾದರೆ ಮುಖ ಕಳೆಗುಂದುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ಎಳೆದಾಡಿದರೂ ಆ ಕಳೆ ಪೂರ್ತಿ ಬರುವುದಿಲ್ಲ. ಆರ್‌9 ಎಷ್ಟು ಅಂತ ಕೇಳು. ಟಿಎಲ್‌ಸಿಐ ಕೊಟ್ಟಿದ್ದರೆ ಅದನ್ನೂ ನೋಡು. ಅದು ಕಣ್ಣಿಗಲ್ಲ, ಟಿವಿ ಕ್ಯಾಮೆರಾಗೆ ಹೇಗೆ ಕಾಣುತ್ತದೆ ಅಂತ ಅಳೆಯುವ ಅಂಕಿ.

ತಮ್ಮ: ಇಷ್ಟೊಂದು ನೋಡಿ ತಗೊಳ್ಳುವವರು ಯಾರಿದ್ದಾರೆ ಅಕ್ಕಾ!

ನಾನು: ನೀನು ನೋಡು. ಇದು ಅಜ್ಜಿಯ ಮುಖ. ಇನ್ನೊಮ್ಮೆ ತೆಗೆಯೋಣ ಅಂತ ಎಷ್ಟು ಸಲ ಕೂರಿಸುತ್ತೀಯ?

ಅತ್ತಿಗೆ: ಇನ್ನೊಂದು ನೋಡಬೇಕು. ನನ್ನ ಮೊದಲ ಲೈಟ್ ಫುಲ್ ಇಟ್ಟರೆ ಚೆನ್ನಾಗಿತ್ತು. ಕಣ್ಣಿಗೆ ಜಾಸ್ತಿ ಆಯಿತು ಅಂತ 20 ಪರ್ಸೆಂಟಿಗೆ ಇಳಿಸಿದರೆ ಹಿಂದಿನ ಗೋಡೆ ಮೇಲೆ ಕಪ್ಪು ಪಟ್ಟಿಗಳು ಮೆಲ್ಲಗೆ ಮೇಲಕ್ಕೆ ಹರಿಯುತ್ತಿದ್ದವು. ಕೋಣೆಯಲ್ಲಿ ನಿಂತು ನೋಡಿದರೆ ಏನೂ ಇಲ್ಲ, ರೆಕಾರ್ಡಿಂಗ್‌ನಲ್ಲಿ ಮಾತ್ರ. ಒಂದು ಇಡೀ ಪಾಠ ಹಾಳಾಯಿತು.

ತಮ್ಮ: ಅದು ಯಾಕೆ ಹಾಗೆ?

ನಾನು: ಕೆಲವು ಲೈಟುಗಳು ಬೆಳಕು ಕಡಿಮೆ ಮಾಡುವುದು ಎಲ್‌ಇಡಿಯನ್ನು ಬೇಗ ಬೇಗ ಆರಿಸಿ ಹಚ್ಚಿ. ಕಣ್ಣಿಗೆ ಅದು ಮಂಕಾದ ಬೆಳಕು ಅಷ್ಟೇ. ಕ್ಯಾಮೆರಾದ ಸೆನ್ಸರ್ ಚಿತ್ರವನ್ನು ಮೇಲಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ಆರಿದ ಹೊತ್ತಿನಲ್ಲಿ ಓದಿದ ಸಾಲುಗಳು ಕಪ್ಪು ಪಟ್ಟಿಯಾಗುತ್ತವೆ. ಇದು ಬೇರೆ, ಕರೆಂಟಿನ ಏರಿಳಿತದಿಂದ ಮನೆಯ ಬಲ್ಬು ಮಿನುಗುವುದು ಬೇರೆ. ಕರೆಂಟ್ 50 ಹರ್ಟ್ಸ್ ಇದ್ದರೆ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಶಟರ್ 1/50 ಅಥವಾ 1/100 ಇಟ್ಟರೆ ಸರಿಹೋಗುತ್ತದೆ. 60 ಹರ್ಟ್ಸ್ ಇರುವ ಕಡೆ 1/60 ಅಥವಾ 1/120. ಲೈಟ್ ತಾನೇ ಆರಿ ಹತ್ತುತ್ತಿದ್ದರೆ ಈ ಲೆಕ್ಕ ಕೆಲಸ ಮಾಡುತ್ತದೆ ಅನ್ನುವ ಭರವಸೆ ಇಲ್ಲ.

ಅತ್ತಿಗೆ: ತಗೊಳ್ಳುವ ಮೊದಲೇ ಗೊತ್ತಾಗುತ್ತದೆ. ಬೆಳಕು 10 ಪರ್ಸೆಂಟಿಗೆ ಇಳಿಸು, ಫೋನಿನಲ್ಲಿ 240 ಫ್ರೇಮಿನ ಸ್ಲೋ ಮೋಷನ್ ತೆಗೆ. ಪಟ್ಟಿಯೋ ಮಿನುಗೋ ಕಂಡರೆ ಅಲ್ಲೇ ಬಿಟ್ಟು ಬಾ. ಫ್ಯಾನ್ ಸದ್ದೂ ಕೇಳಿಸಿಕೋ. ಅಜ್ಜಿಯದು ಮೆಲು ದನಿ, ಮೈಕ್ ಹಿಂದಿನ ಗುಂಯ್ ಸದ್ದನ್ನೂ ಹಿಡಿಯುತ್ತದೆ.

ತಮ್ಮ: ಸರಿ, ಹಾಗಾದರೆ 100 ಬೇಡ, 200 ವ್ಯಾಟ್ ತಗೊಳ್ಳುತ್ತೇನೆ. ಹೊರಗೆ ಬಿಸಿಲಿನಲ್ಲೂ ಆಗುತ್ತದೆ.

ನಾನು: ವ್ಯಾಟ್ ಅಂದರೆ ಲೈಟ್ ತಿನ್ನುವ ಕರೆಂಟು, ಕೊಡುವ ಬೆಳಕಲ್ಲ. 1 ಮೀಟರ್ ದೂರದಲ್ಲಿ ಎಷ್ಟು ಲಕ್ಸ್, ಅಂದರೆ ಅಲ್ಲಿ ಬೀಳುವ ಬೆಳಕು ಎಷ್ಟು, ಅಂತ ಕೇಳು. ಬೆಳಕನ್ನು ಮುಂದಕ್ಕೆ ಕೂಡಿಸುವ ರಿಫ್ಲೆಕ್ಟರ್ ಹಾಕಿ ಅಳೆದದ್ದೋ, ಹಾಕದೆಯೋ ಅಂತಲೂ ಕೇಳು. 2 ಮೀಟರ್ ಹೋದರೆ ಅದರ ಕಾಲು ಭಾಗ. ಸಾಫ್ಟ್‌ಬಾಕ್ಸ್ (ಬೆಳಕು ಮೆದು ಮಾಡುವ ಬಟ್ಟೆಯ ಮುಸುಕು) ಹಾಕಿದರೆ ಇನ್ನೂ ಕಡಿಮೆ. ನಡು ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಸಾಫ್ಟ್‌ಬಾಕ್ಸ್ ಹಾಕಿದ 200 ವ್ಯಾಟ್ ಅದರ ಎದುರು ನಿಲ್ಲುವುದಿಲ್ಲ. ಬಿಸಿಲಿಗೆ ಹೋಗುವವರು ಈಗಲೂ ಫ್ಲ್ಯಾಶ್ ಒಯ್ಯುವುದು ಇದಕ್ಕೇ.

ಚಿಕ್ಕಪ್ಪ: ಒಳಗೆ 100 ವ್ಯಾಟ್ ಧಾರಾಳ ಕಣೋ. ಪವರ್ ಹೆಚ್ಚಿಸುವ ಬದಲು ಲೈಟನ್ನು ಹತ್ತಿರ ತಾ. ಎರಡು ಮೀಟರಿನಿಂದ ಒಂದಕ್ಕೆ ತಂದರೆ ಬೆಳಕು ನಾಲ್ಕು ಪಟ್ಟು. ಹತ್ತಿರ ಬಂದಾಗ ಸಾಫ್ಟ್‌ಬಾಕ್ಸ್ ಅಜ್ಜಿಯ ಮುಖದ ಲೆಕ್ಕಕ್ಕೆ ದೊಡ್ಡದಾಗುತ್ತದೆ, ನೆರಳಿನ ಅಂಚು ಮೆದುವಾಗುತ್ತದೆ. ಹಿಂದಿನ ಗೋಡೆ ತಾನಾಗಿ ಮಂಕಾಗುತ್ತದೆ. ಮುಚ್ಚಿಲ್ಲದ ಪ್ಯಾನೆಲ್ ಹಾಗೇ ಹಿಡಿಯಬೇಡ. ಒಂದೊಂದು ಎಲ್‌ಇಡಿಯೂ ತನ್ನ ನೆರಳು ತಾನು ಬೀಳಿಸುತ್ತದೆ, ಗಲ್ಲದ ಕೆಳಗೆ ಪದರ ಪದರ ಕಾಣುತ್ತದೆ.

ತಮ್ಮ: ಅಜ್ಜಿ ಕನ್ನಡಕ?

ಅತ್ತಿಗೆ: ಇಲ್ಲೇ ಎಲ್‌ಇಡಿ ಗೆಲ್ಲುವುದು. ರೆಕಾರ್ಡ್ ಒತ್ತುವ ಮೊದಲೇ ಗಾಜಿನಲ್ಲಿ ಬಿಳಿ ಚೌಕ ಕಾಣುತ್ತದೆ. ಲೈಟನ್ನು ಮೇಲಕ್ಕೆ ಎತ್ತು, ಪಕ್ಕಕ್ಕೆ ಸರಿಸು, ಚೌಕ ಗಾಜಿನಿಂದ ಆಚೆ ಜಾರುವ ತನಕ. ಸಾಲದಿದ್ದರೆ ಕನ್ನಡಕದ ಕಡ್ಡಿಗಳನ್ನು ಕಿವಿ ಮೇಲೆ ಒಂಚೂರು ಎತ್ತಿ ಕೂರಿಸು. ಮತ್ತೆ ಕೋಣೆಯ ಹಳದಿ ಬಲ್ಬು ಆರಿಸು. ಕಿಟಕಿ ಬೆಳಕು ಬರುತ್ತಿದ್ದರೆ ನಿನ್ನ ಲೈಟನ್ನು 5600 ಕೆಲ್ವಿನ್ (ಹಗಲು ಬೆಳಕಿನ ಬಣ್ಣ) ಆಸುಪಾಸಿಗೆ ಇಡು. ಇಲ್ಲದಿದ್ದರೆ ಒಂದು ಕೆನ್ನೆ ನೀಲಿ, ಒಂದು ಕೆನ್ನೆ ಹಳದಿ.

ತಮ್ಮ: ಲೈಟ್ ತಗೊಳ್ಳುವುದು ಖಂಡಿತ. ಫ್ಲ್ಯಾಶ್ ಸದ್ಯಕ್ಕೆ ಮಾರುವುದಿಲ್ಲ, ಆದರೆ ವರ್ಷಕ್ಕೊಮ್ಮೆ ತೆಗೆಯುವ ವಸ್ತುವನ್ನು ಸುಮ್ನೆ ಇಟ್ಟುಕೊಳ್ಳುವುದು ನನಗೆ ಇನ್ನೂ ಸರಿ ಅನಿಸಿಲ್ಲ.

ಚಿಕ್ಕಪ್ಪ: ಇಟ್ಟುಕೊಳ್ಳುವುದಾದರೆ ಬ್ಯಾಟರಿ ಹೊರಗೆ ತೆಗೆದಿಡು. ಸೋರಿದರೆ ಹಾಳಾಗುತ್ತದೆ. ಮಾರುವುದೇ ಆದರೆ ಮೊದಲು ನನಗೆ ಹೇಳು.

ಅತ್ತಿಗೆ: ಹೊಸದು ತಗೊಳ್ಳುವ ಮೊದಲು ನನ್ನ ಲೈಟ್ ಒಯ್ದು ಅಜ್ಜಿ ಜೊತೆ ಒಂದು ಸಲ ಮಾಡಿ ನೋಡು. ಹಳೆಯದಲ್ಲ, ಈಗಿನದು. ಪಟ್ಟಿ ಬರುವುದಿಲ್ಲ.

ತಮ್ಮ: ನಾಳೆ ಸಂಜೆ ಬರಲಾ ಅತ್ತಿಗೆ? ಸ್ಟ್ಯಾಂಡ್ ಇದೆಯಾ?

ಅತ್ತಿಗೆ: ಬಾ. ಸ್ಟ್ಯಾಂಡ್ ಇದೆ, ಕಾಲಿನ ಮೇಲೆ ಇಡುವ ಮರಳಿನ ಚೀಲವೂ ಇದೆ, ಎರಡೂ ಒಯ್ಯಿ. ವೈರನ್ನು ಗೋಡೆ ಪಕ್ಕದಲ್ಲೇ ಎಳೆದು ನೆಲಕ್ಕೆ ಟೇಪ್ ಹಚ್ಚು, ಅಜ್ಜಿ ನಡುವೆ ಎದ್ದು ಓಡಾಡುತ್ತಾರೆ.