ಅಪ್‌ಡೇಟ್: ಮೈನಸ್ 40 ಡಿಗ್ರಿಯ ಕಾರು ಸರಿಹೋಯಿತು

ಕಳೆದ ವಾರ ಕೇಳಿದ್ದೆನಲ್ಲ, ಹಳೇ ಪೆಟ್ರೋಲ್ ಕಾರು, ಚೆಕ್ ಇಂಜಿನ್ ದೀಪ, ಪಿ0113 ಅನ್ನೋ ದೋಷದ ಕೋಡ್, ಸ್ಕ್ಯಾನರಿನಲ್ಲಿ (ಕಾರಿನ ಕಂಪ್ಯೂಟರ್ ಓದುವ ಸಾಧನ) ಇಂಜಿನ್ನಿಗೆ ಒಳಬರುವ ಗಾಳಿಯ ತಾಪಮಾನ ಮೈನಸ್ 40 ಅಂತ. ಕೊನೆಗೂ ಕಾರಣ ಸಿಕ್ಕಿತು!

ಆ ತಾಪಮಾನ ಅಳೆಯುವ ಸೆನ್ಸರ್ ಬಿಚ್ಚಿ ಕ್ಲೀನರ್ ಹೊಡೆದೆ, ಏನೂ ಆಗಲಿಲ್ಲ. ಹೊಸದು ಹಾಕಿ ಎಂದವರೇ ಜಾಸ್ತಿ. ದುಡ್ಡು ಬಿಚ್ಚುವ ಮೊದಲು ಮಲ್ಟಿಮೀಟರ್ ಇಟ್ಟೆ: ರೆಸಿಸ್ಟೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 2.2 ಕಿಲೋಓಮ್. ಹೇರ್ ಡ್ರೈಯರ್ ಹಿಡಿದರೆ ಇಳಿಯುತ್ತಾ ಹೋಯಿತು. ಅಂದರೆ ಸೆನ್ಸರ್ ಚೆನ್ನಾಗಿಯೇ ಇದೆ, ಅಲ್ವಾ?

ಕೈ ಹಿಡಿದದ್ದು "ಕನೆಕ್ಟರಿನ ಎರಡು ಪಿನ್ ಸೇರಿಸಿ ನೋಡಿ" ಎಂದವರ ಸಲಹೆ. ವೈರಿಂಗ್ ಸರಿಯಿದ್ದರೆ ಸ್ಕ್ಯಾನರಿನಲ್ಲಿ ತಾಪಮಾನ ಒಮ್ಮೆಲೇ 100 ದಾಟಬೇಕಿತ್ತು. ಅಲ್ಲಾಡಲೇ ಇಲ್ಲ. ವೈರ್ ಹಿಡಿದು ಹೋದರೆ, ಏರ್ ಫಿಲ್ಟರ್ ಡಬ್ಬದ ಹಿಂದೆ ಇಲಿರಾಯ ಊಟ ಮುಗಿಸಿದ್ದ! ಬೆಸುಗೆ ಹಾಕಿ ಸ್ಲೀವ್ ಏರಿಸಿದೆ. ಈಗ 31 ಡಿಗ್ರಿ.

ಹೊಸದಾಗಿ ತಿಳಿದದ್ದು: ಚಳಿ ಹೆಚ್ಚಿದಷ್ಟೂ ಈ ಸೆನ್ಸರಿನ ರೆಸಿಸ್ಟೆನ್ಸ್ ಏರುತ್ತದೆ. ವೈರ್ ತುಂಡಾದರೆ ಕಂಪ್ಯೂಟರ್ ಅದನ್ನೇ ಕಡುಚಳಿ ಎಂದುಕೊಳ್ಳುತ್ತದೆ. ನನ್ನದು ಎರಡು ವೈರಿನದು. ನಾಲ್ಕು ವೈರ್ ಇದ್ದರೆ ಸುಮ್ನೆ ಯಾವುದೋ ಪಿನ್ ಸೇರಿಸಬೇಡಿ, ಮೊದಲು ವೈರಿಂಗ್ ನಕ್ಷೆ ನೋಡಿ.